ಕುಂದಗೋಳದ ನಾಲ್ಕು ವರ್ಷ, ಪುಣೆಯ ದಾರಿ: ಭೀಮಸೇನ ಜೋಶಿಯವರ ಕಲಿಕೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಒಬ್ಬ ತಂದೆ, ಠಾಣೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ರೋಣದ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಠಾಣೆಯಲ್ಲಿ ನೆಲೆಸಿದ್ದೇವೆ. ಹದಿನಾಲ್ಕು ವರ್ಷದ ನನ್ನ ಮಗಳು ದಾದರಿನಲ್ಲಿ ಒಬ್ಬ ಗುರುಗಳ ಬಳಿ ಹಿಂದೂಸ್ತಾನಿ ಸಂಗೀತದ ಖ್ಯಾಲ ಗಾಯನ ಕಲಿಯುತ್ತಿದ್ದಾಳೆ. ಕಳೆದ ಹನ್ನೊಂದು ತಿಂಗಳಿಂದ ಗುರುಗಳು ಆಕೆಗೆ ಯಮನ್ ರಾಗವೊಂದನ್ನೇ ಹೇಳಿಕೊಡುತ್ತಿದ್ದಾರೆ. ನಿಧಾನಗತಿಯ ಒಂದು ವಿಲಂಬಿತ ಬಂದಿಶ್ (ರಚನೆ), ವೇಗದ ಒಂದು ದ್ರುತ ಬಂದಿಶ್, ಉಳಿದಂತೆ ವಾರವಾರವೂ ಮಂದ್ರ ನಿಷಾದದಿಂದ ಗಾಂಧಾರದವರೆಗೆ ಹೋಗಿ ಬರುವ ಆಲಾಪ. ಅದೇ ವಯಸ್ಸಿನ ಅವಳ ಗೆಳತಿ ಬೇರೊಂದು ತರಗತಿಯಲ್ಲಿ ಒಂಬತ್ತು ರಾಗಗಳನ್ನು ಮುಗಿಸಿ ಪರೀಕ್ಷೆಯನ್ನೂ ಕಟ್ಟಿದ್ದಾಳೆ. "ನಾನು ಹಿಂದೆ ಬಿದ್ದಿದ್ದೇನೆಯೇ?" ಎಂದು ಮಗಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನನಗೆ ಹಾಡು ಕೇಳಿ ಸಂತೋಷಪಡುವುದು ಗೊತ್ತು, ಸ್ವರಜ್ಞಾನವಿಲ್ಲ.

ರೋಣದಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರ ಹೆಸರನ್ನು ನಮ್ಮ ಮನೆಯಲ್ಲಿ ಹಿರಿಯರು ದೇವರ ಹೆಸರಿನಂತೆ ಹೇಳುತ್ತಿದ್ದರು. ಅವರು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದರು, ಅಲೆದಾಡಿ ಮರಳಿ ಬಂದರು, ಕುಂದಗೋಳದಲ್ಲಿ ನಾಲ್ಕಾರು ವರ್ಷ ಕಲಿತರು, ಆಮೇಲೆ ಜಗತ್ತಿಗೇ ದೊಡ್ಡ ಗಾಯಕರಾದರು ಎಂಬಷ್ಟು ಕೇಳಿ ಬಲ್ಲೆ. ಇದನ್ನು ಮಗಳಿಗೆ ಹೇಳಬೇಕೆಂದು ಹೊರಟರೆ ನನ್ನಲ್ಲೇ ಎರಡು ಸಂದೇಹಗಳು ಏಳುತ್ತವೆ. ಅಷ್ಟು ಕಡಿಮೆ ಅವಧಿಯಲ್ಲಿ ಅವರು ಗುರುಗಳಿಂದ ಪಡೆದುಕೊಂಡದ್ದಾದರೂ ಏನು? ಮತ್ತು ಧಾರವಾಡ, ಹುಬ್ಬಳ್ಳಿಗಳಂತಹ ಸಂಗೀತದ ಊರುಗಳು ಮಗ್ಗುಲಲ್ಲೇ ಇರುವಾಗ ಅವರು ಪುಣೆಯಲ್ಲಿ ಬದುಕು ಕಟ್ಟಿಕೊಂಡದ್ದು ಏಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಹಳೆಯ ಕೇಳುಗ, ಸದಾಶಿವ ಪೇಠೆ, ಪುಣೆ

ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ಭೀಮಸೇನರು 1922ರ ಫೆಬ್ರವರಿ 4ರಂದು ಹುಟ್ಟಿದರು. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು. ಹದಿನಾರು ಮಕ್ಕಳಲ್ಲಿ ಇವರೇ ಹಿರಿಯರು. ಅನ್ನಕ್ಕೆ ತುಪ್ಪ ಸಾಲಲಿಲ್ಲವೆಂದು ಮುನಿಸಿಕೊಂಡು ಮನೆ ಬಿಟ್ಟರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆ ಎಷ್ಟು ರುಚಿಯಾಗಿದೆಯೆಂದರೆ ನಿಜವಾದ ಕಾರಣ ಅದರ ಹಿಂದೆ ಮರೆಯಾಗಿಬಿಡುತ್ತದೆ. ಆ ಹುಡುಗ ಅಂಗಡಿಯೊಂದರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮಫೋನ್ ತಟ್ಟೆಯನ್ನು ಕೇಳಿದ್ದ, ಹಾಗೆ ಹಾಡಬೇಕೆಂದರೆ ಗುರು ಬೇಕು, ಗುರು ಊರಿನಲ್ಲಿ ಸಿಗುತ್ತಿಲ್ಲ. 1933ರಲ್ಲಿ ಅವನು ರೈಲು ಹತ್ತಿದ್ದು ಆ ಗುರುವಿಗಾಗಿ.

ಟಿಕೆಟ್ಟಿಲ್ಲದೆ, ಸಹಪ್ರಯಾಣಿಕರ ಮುಂದೆ ಹಾಡಿ, ಅವರು ಕೊಟ್ಟದ್ದನ್ನು ತಿಂದು, ವಿಜಾಪುರ, ಪುಣೆಗಳನ್ನು ದಾಟಿ ಅವರು ಗ್ವಾಲಿಯರಿಗೆ ಹೋದರು. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆಯಲ್ಲಿ ಕಲಿಯುವ ಅವಕಾಶ ದೊರೆಯಿತು. ಅಲ್ಲಿಂದ ಉತ್ತರದ ಊರೂರು ಸುತ್ತಿ ಜಾಲಂಧರಕ್ಕೆ ಬಂದರು. ಅಲ್ಲಿ ಪಂಡಿತ ವಿನಾಯಕರಾವ ಪಟವರ್ಧನರು ಈ ಹುಡುಗನನ್ನು ಕಂಡು, ನಿನ್ನ ಊರಿನ ಪಕ್ಕದಲ್ಲೇ, ಕುಂದಗೋಳದಲ್ಲಿ, ಗಾಯಕ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬಂದು ಏಕೆ ಅಲೆಯುತ್ತೀ ಎಂಬರ್ಥದ ಬುದ್ಧಿಮಾತು ಹೇಳಿದರು. ಮಗನನ್ನು ಹುಡುಕುತ್ತಿದ್ದ ತಂದೆ ಜಾಲಂಧರದಿಂದಲೇ ಅವರನ್ನು ಮನೆಗೆ ಕರೆತಂದರು. ಬಡ ಶಾಲಾ ಶಿಕ್ಷಕರಾಗಿದ್ದ ಆ ತಂದೆ ಮಗನನ್ನು ಗದರಿಸಿ ಕೂರಿಸದೆ ಕುಂದಗೋಳಕ್ಕೆ ಕರೆದೊಯ್ದು ಗುರುಗಳ ಮುಂದೆ ನಿಲ್ಲಿಸಿದರಲ್ಲ, ಅದನ್ನು ನೆನೆದಾಗ ನನಗೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

1936ರ ಸುಮಾರಿಗೆ ಶಿಷ್ಯತ್ವ ಆರಂಭವಾಯಿತು, 1940ರವರೆಗೆ ಅಲ್ಲಿದ್ದರು. ಆ ಕಾಲದ ಗುರುಕುಲದಲ್ಲಿ ಪಾಠಕ್ಕೆ ಹೊತ್ತುಗೊತ್ತು ಇರಲಿಲ್ಲ. ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುಗಳು ಬೇರೆಯವರಿಗೆ ಹೇಳಿಕೊಡುವಾಗ ಕಿವಿಗೊಟ್ಟು ಕೂರುವುದು, ಇವೆಲ್ಲವೂ ಕಲಿಕೆಯೇ. ಅದೇ ಗುರುಗಳ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಸಂಜೆ ಪಾಠ ಮುಗಿದ ಮೇಲೆ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುವ ಕೆಲಸ ಹುಡುಗ ಭೀಮಸೇನರದ್ದು. ದಾರಿಯುದ್ದಕ್ಕೂ "ಇವತ್ತು ಗುರುಗಳು ನಿಮಗೆ ಏನು ಹೇಳಿಕೊಟ್ಟರು, ಹಾಡಿ ತೋರಿಸಿ" ಎಂದು ಪೀಡಿಸುತ್ತಿದ್ದರೆಂದು ಗಂಗೂಬಾಯಿಯವರು ನೆನೆಯುತ್ತಿದ್ದರು. ನಿಮ್ಮ ಮಗಳಿಗೆ ಮೊದಲು ಹೇಳಬೇಕಾದ ಸಂಗತಿ ಇದೇ ಎಂದು ನನಗನ್ನಿಸುತ್ತದೆ. ತನಗೆ ಕೊಟ್ಟ ಪಾಠವಲ್ಲದೆ ಇನ್ನೊಬ್ಬರಿಗೆ ಕೊಟ್ಟ ಪಾಠವನ್ನೂ ಸ್ಟೇಷನ್ನಿನ ದಾರಿಯಲ್ಲಿ ಕೇಳಿ ಪಡೆಯುತ್ತಿದ್ದ ಹುಡುಗನ ನಾಲ್ಕು ವರ್ಷವನ್ನು ವಾರಕ್ಕೆ ಎರಡು ಗಂಟೆಯ ನಾಲ್ಕು ವರ್ಷದೊಂದಿಗೆ ಹೋಲಿಸಲಾಗದು.

ಉತ್ತರ 2: ಗಾಯನ ಕಲಿಸುವವಳು, ಮಾಟುಂಗಾ

ಹಿರಿಯರು ಬರೆದದ್ದಕ್ಕೆ ಸಂಗೀತದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಪ್ರಶ್ನೆ ಕೇಳಿದವರ ಮನೆಯಲ್ಲಿ ನಡೆದ ಮಾತು ನನ್ನ ತರಗತಿಯ ಪ್ರತಿಯೊಬ್ಬ ಪೋಷಕರ ಮನೆಯಲ್ಲೂ ನಡೆಯುತ್ತದೆ.

ಸವಾಯಿ ಗಂಧರ್ವರು ಭೀಮಸೇನರಿಗೆ ಮುಖ್ಯವಾಗಿ ತಿದ್ದಿದ್ದು ಮೂರು ರಾಗಗಳನ್ನು. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ನಾಲ್ಕು ವರ್ಷಕ್ಕೆ ಮೂರು ರಾಗ ಎಂದರೆ ಇಂದಿನ ತಂದೆತಾಯಂದಿರು ಗುರುಗಳನ್ನು ಬದಲಾಯಿಸಿಯೇಬಿಟ್ಟಾರು. ಆದರೆ ಈ ಮೂರನ್ನೇ ಏಕೆ ಆರಿಸಿದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆ ಗುರುವಿನ ಬುದ್ಧಿವಂತಿಕೆಗೆ ಕೈ ಮುಗಿಯಬೇಕೆನಿಸುತ್ತದೆ.

ತೋಡಿಗೂ ಮುಲ್ತಾನಿಗೂ ಸ್ವರಗಳು ಒಂದೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಹಾರ್ಮೋನಿಯಂ ಮನೆಗಳ ಮೇಲೆ ಬೆರಳಿಟ್ಟು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಆದರೆ ತೋಡಿಯಲ್ಲಿ ರಿಷಭ, ಗಾಂಧಾರ, ಧೈವತಗಳ ಮೇಲೆಯೇ ರಾಗ ನೆಲೆ ನಿಲ್ಲುತ್ತದೆ, ಪಂಚಮ ಹಿಂದೆ ಸರಿಯುತ್ತದೆ. ಮುಲ್ತಾನಿಯ ಆರೋಹದಲ್ಲಿ ರಿಷಭ, ಧೈವತಗಳು ಬರುವುದೇ ಇಲ್ಲ, ಪಂಚಮ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ, ಗಾಂಧಾರವು ತೀವ್ರ ಮಧ್ಯಮದಿಂದ ಮೀಂಡಿನಲ್ಲಿ ಜಾರಿ ಬರಬೇಕು. ಬೆಳಿಗ್ಗೆ ಹಾಡಿದ ಅದೇ ಗಾಂಧಾರವನ್ನು ಮಧ್ಯಾಹ್ನ ಬೇರೆ ದಾರಿಯಿಂದ ಮುಟ್ಟಬೇಕು. ಬೆಳಗಿನ ಚಲನೆ ಮಧ್ಯಾಹ್ನಕ್ಕೆ ಒಂದು ಕೂದಲೆಳೆಯಷ್ಟು ನುಸುಳಿದರೂ ರಾಗ ಕೆಡುತ್ತದೆ. ಸಂಜೆಯ ಪೂರಿಯಾಕ್ಕೆ ಬಂದರೆ ಪಂಚಮವೇ ಇಲ್ಲ. ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೆ ಇಳಿಸಿಕೊಂಡು ಕೂರುತ್ತೇವೆ. ದಿನವಿಡೀ ಆಸರೆಯಾಗಿ ಕೇಳಿಸುತ್ತಿದ್ದ ಪಂಚಮ ಮಾಯವಾದಾಗ ಕೋಮಲ ರಿಷಭವನ್ನೂ ಶುದ್ಧ ಗಾಂಧಾರವನ್ನೂ ಕಂಠ ತನ್ನ ಬಲದಿಂದಲೇ ಹಿಡಿದು ನಿಲ್ಲಿಸಬೇಕಾಗುತ್ತದೆ. ರಾಗ ಎಂಬುದು ಸ್ವರಗಳ ಪಟ್ಟಿಯಲ್ಲ, ಸ್ವರದಿಂದ ಸ್ವರಕ್ಕೆ ಹೋಗುವ ನಡೆ ಎಂಬುದನ್ನು ಒಂದೇ ದಿನದಲ್ಲಿ ಮೂರು ಬಾರಿ ಕಂಠಕ್ಕೆ ಕಲಿಸುವ ಪಾಠ ಇದು. ಇದು ಕೈವಶವಾದವರಿಗೆ ಮುಂದಿನ ಇಪ್ಪತ್ತು ರಾಗಗಳನ್ನು ಕೇಳಿ ಕಲಿಯುವುದು ಸಾಧ್ಯವಾಗುತ್ತದೆ. ಭೀಮಸೇನರು ಮಾಡಿದ್ದೂ ಅದನ್ನೇ. ಕೇಸರಬಾಯಿ ಕೇರ್ಕರ್, ಅಮೀರ್ ಖಾನ್, ಮಲ್ಲಿಕಾರ್ಜುನ ಮನಸೂರ ಮೊದಲಾದವರ ಗಾಯನದಿಂದ ತಮಗೆ ಬೇಕಾದದ್ದನ್ನು ಆರಿಸಿಕೊಂಡರು. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ ಬಂದ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ನಿಧಾನವಾದ ಸ್ವರವಿಸ್ತಾರಕ್ಕೆ ಆ ಘರಾಣೆಯಲ್ಲಿ ಅಷ್ಟಾಗಿ ಕೇಳದಿದ್ದ ಸಿಡಿಲಿನಂತಹ ತಾನುಗಳನ್ನು (ವೇಗದ ಸ್ವರಗುಚ್ಛಗಳನ್ನು) ಜೋಡಿಸಿದರು. ಬುನಾದಿ ಗಟ್ಟಿಯಿದ್ದುದರಿಂದ ಹೊರಗಿನಿಂದ ತಂದದ್ದು ಅಂಟಿಸಿದಂತೆ ಕಾಣಲಿಲ್ಲ.

ಹನ್ನೊಂದು ತಿಂಗಳ ಯಮನ್ ಬಗ್ಗೆ ಆ ಗುರುಗಳ ಪರವಾಗಿ ನಾನೇನೂ ಹೇಳಲಾರೆ, ಅವರನ್ನು ನಾನು ಬಲ್ಲವಳಲ್ಲ. ಒಂದು ಪರೀಕ್ಷೆ ಮಾತ್ರ ಸೂಚಿಸುತ್ತೇನೆ. ಜನವರಿಯಲ್ಲಿ ಮಗಳು ಹಾಡಿದ ಯಮನ್ ನಿಮ್ಮ ಫೋನಿನಲ್ಲಿ ಉಳಿದಿದ್ದರೆ ಅದನ್ನೂ ಈ ವಾರದ ಯಮನ್ನನ್ನೂ ಒಂದರ ಹಿಂದೊಂದು ಅವಳಿಗೇ ಕೇಳಿಸಿ. ಹಳೆಯದರಲ್ಲಿ ತಪ್ಪುಗಳು ಅವಳಿಗೇ ಕಾಣಿಸಿದರೆ ಗುರುಗಳು ಕೆಲಸ ಮಾಡುತ್ತಿದ್ದಾರೆ ಎಂದರ್ಥ. ಏನೂ ಕಾಣಿಸದಿದ್ದರೆ ಗುರುಗಳೊಡನೆ ಕೂತು ಮಾತಾಡುವುದು ಒಳ್ಳೆಯದು.

ಉತ್ತರ 3: ನಿವೃತ್ತ ರೈಲ್ವೆ ನೌಕರ, ಘೋರ್ಪಡಿ, ಪುಣೆ

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಭೀಮಸೇನರು ಕರ್ನಾಟಕ ಬಿಟ್ಟು ಮಹಾರಾಷ್ಟ್ರಕ್ಕೆ ಹೋದರು ಎಂದು ನಮ್ಮವರು ಒಂದು ಬಗೆಯ ನೋವಿನಿಂದ ಹೇಳುವುದುಂಟು. ಆದರೆ ಅವರು ಹೊರಟ ಕಾಲದಲ್ಲಿ ದಾಟಬೇಕಾದ ಗಡಿಯೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತಕ್ಕೇ ಸೇರಿದ್ದವು. ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜ ಮಾರ್ಗವಾಗಿ ಪುಣೆಗೆ ಮೀಟರ್ ಗೇಜ್ ರೈಲು ಹತ್ತೊಂಬತ್ತನೆಯ ಶತಮಾನದಲ್ಲೇ ಓಡುತ್ತಿತ್ತು. ನಾನು ಇದೇ ಮಾರ್ಗದಲ್ಲಿ ಕೆಲಸ ಮಾಡಿದವನು. ಮಿರಜದ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬಾಯಲ್ಲಿ ಬೆರೆತು ಬರುವುದನ್ನು ದಿನವೂ ಕೇಳುತ್ತಿದ್ದೆ. ಆ ಮಿರಜವೇ ಈ ಸಂಗೀತದ ಜಂಕ್ಷನ್ ಕೂಡ. ಉತ್ತರ ಪ್ರದೇಶದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅಲ್ಲಿ, 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಅಲ್ಲೇ. ಇಂದಿಗೂ ತಂಬೂರಿ ಬೇಕೆಂದರೆ ಗಾಯಕರು ಮಿರಜದ ಕುಶಲಕರ್ಮಿಗಳ ಓಣಿಗೇ ಹೋಗುತ್ತಾರೆ.

ಆ ದಾರಿಯಲ್ಲಿ ಮೊದಲು ನಡೆದವರು ಗುರುಗಳೇ. ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ ಕುಂದಗೋಳಕರ, ಹುಟ್ಟಿದ್ದು 1886ರಲ್ಲಿ. ಕನ್ನಡ ನೆಲದ ಆ ಮನುಷ್ಯ ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ ಮಹಾರಾಷ್ಟ್ರದ ಮನೆಮಾತಾದರು. ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ ನಟ ಬಾಲಗಂಧರ್ವರಿಗಿಂತ ಕಾಲುಪಾಲು ಹೆಚ್ಚು ಎಂಬ ಮೆಚ್ಚುಗೆಯಲ್ಲಿ "ಸವಾಯಿ" ಎಂಬ ಬಿರುದು ಬಂದದ್ದು ಅಮರಾವತಿಯಲ್ಲಿ. ಹೀಗಾಗಿ ಭೀಮಸೇನರು ಇತ್ತ ಬರುವ ಹೊತ್ತಿಗೆ ಕುಂದಗೋಳದ ಶಿಷ್ಯ ಎಂಬ ಮಾತು ಪುಣೆ, ಮುಂಬೈಗಳಲ್ಲಿ ಬಾಗಿಲು ತೆರೆಸುತ್ತಿತ್ತು.

ಹೊಟ್ಟೆಪಾಡಿನ ಮಾತನ್ನೂ ಆಡಬೇಕು. 1940ರ ದಶಕದಲ್ಲಿ ಗಾಯಕನೊಬ್ಬ ಬದುಕಬೇಕಾದರೆ ಗ್ರಾಮಫೋನ್ ಕಂಪನಿ, ರೇಡಿಯೋ ಕೇಂದ್ರ, ಗಣೇಶೋತ್ಸವದ ಬೈಠಕ್, ಟಿಕೆಟ್ ಕೊಂಡು ಕೇಳುವ ಜನ ಇವೆಲ್ಲ ಬೇಕಿತ್ತು. ಎಚ್.ಎಂ.ವಿ. ಕಂಪನಿ ಅವರ ಮೊದಲ ತಟ್ಟೆಗಳನ್ನು ಹೊರತಂದದ್ದು 1942ರಲ್ಲಿ. 1943ರಲ್ಲಿ ಅವರು ಮುಂಬೈಗೆ ಬಂದು ರೇಡಿಯೋ ಕಲಾವಿದರಾದರು. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರಲ್ಲಿ; ಅದು ಹತ್ತು ವರ್ಷ ಮೊದಲೇ ಬಂದಿದ್ದರೆ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. 1946ರಲ್ಲಿ ಗುರುಗಳ ಷಷ್ಟ್ಯಬ್ದಿಯ ಸಂದರ್ಭದಲ್ಲಿ ಪುಣೆಯಲ್ಲಿ ಹಾಡಿದ ಕಛೇರಿಯಿಂದ ಅವರ ಹೆಸರು ಎದ್ದು ನಿಂತಿತು. ಪುಣೆಯ ಕೇಳುಗರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು, ಅವರೂ ಇಲ್ಲೇ ನಿಂತರು.

ಆದರೆ ಎಲ್ಲರೂ ಹೀಗೇ ಮಾಡಿದರೆನ್ನುವಂತಿಲ್ಲ. ಮಲ್ಲಿಕಾರ್ಜುನ ಮನಸೂರರು ಮುಂಬೈಯಲ್ಲಿ ಮಂಜೀ ಖಾನರ ಬಳಿ ಕಲಿತು, ಧಾರವಾಡಕ್ಕೇ ಮರಳಿ, ಅಲ್ಲಿಂದಲೇ ದೇಶವೆಲ್ಲ ಹಾಡಿದರು. ಗಂಗೂಬಾಯಿಯವರು ಹುಬ್ಬಳ್ಳಿ ಬಿಡಲಿಲ್ಲ. ಬೆಳಗಾವಿಯ ಸುಳೇಭಾವಿಯಿಂದ ಬಂದ ಕುಮಾರ ಗಂಧರ್ವರು ಮುಂಬೈಯಲ್ಲಿ ಬಿ.ಆರ್. ದೇವಧರರ ಶಾಲೆಯಲ್ಲಿ ಬೆಳೆದು, ಕ್ಷಯರೋಗಕ್ಕೆ ತುತ್ತಾಗಿ, ಮಧ್ಯಪ್ರದೇಶದ ದೇವಾಸಿನಲ್ಲಿ ನೆಲೆಸಿದರು. ಆದ್ದರಿಂದ ಊರು ಬಿಟ್ಟದ್ದರಿಂದಲೇ ಭೀಮಸೇನರು ದೊಡ್ಡವರಾದರೆಂದು ಮಗಳಿಗೆ ಹೇಳಬೇಡಿ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನರು ಗೆಳೆಯರೊಂದಿಗೆ ಕೂಡಿ ಪುಣೆಯಲ್ಲಿ ಗುರುಗಳ ಹೆಸರಿನ ಉತ್ಸವ ಆರಂಭಿಸಿದರು. ಅರ್ಧ ಶತಮಾನದ ಕಾಲ ಅವರೇ ಅದನ್ನು ಮುಂದೆ ನಿಂತು ನಡೆಸಿದರು. ನಾನು ರಮಣಬಾಗ್ ಶಾಲೆಯ ಮೈದಾನದಲ್ಲಿ ಅದನ್ನು ಕೇಳಿದ್ದೇನೆ. ಡಿಸೆಂಬರ್ ಚಳಿ, ನೆಲಕ್ಕೆ ಹಾಸಿದ ಜಮಖಾನೆ, ಹೆಗಲಿಗೆ ಶಾಲು, ಚಹಾದ ಸಣ್ಣ ಲೋಟಗಳು. ತಂದೆ ತಾಯಿ ಮೊಮ್ಮಕ್ಕಳೆಲ್ಲ ಒಂದೇ ಜಮಖಾನೆಯ ಮೇಲೆ. ಕೊನೆಗೆ ಭೀಮಸೇನರು ಬಂದು ಕೂತು, ಎರಡು ತಂಬೂರಿಗಳ ಶ್ರುತಿ ತಮ್ಮ ಮನಸ್ಸಿಗೆ ಒಪ್ಪುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಸಾವಿರಾರು ಜನರಿದ್ದ ಆ ಮೈದಾನದಲ್ಲಿ ಅಷ್ಟು ಹೊತ್ತೂ ತಂಬೂರಿಯ ತಂತಿಯ ಸದ್ದೊಂದೇ ಕೇಳಿಸುತ್ತಿತ್ತು. ಉತ್ಸವದ ಕೊನೆಯಲ್ಲಿ ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಹಾಕುತ್ತಾರೆ. ಅಷ್ಟೂ ದಿನ ದೊಡ್ಡ ದೊಡ್ಡ ಕಂಠಗಳನ್ನು ಕೇಳಿದ ಮೇಲೆ, ಕರಕರ ಸದ್ದಿನ ನಡುವಿನಿಂದ ಕುಂದಗೋಳದ ಆ ಸಣ್ಣ ಧ್ವನಿ ಬರುತ್ತದೆ, ಜನ ಎದ್ದು ಹೋಗದೆ ಕೇಳುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮಾಟುಂಗಾದ ಮೇಡಂ ಅವರು ಹೇಳಿದ ಪರೀಕ್ಷೆಯನ್ನು ಈ ಭಾನುವಾರ ಮಾಡುತ್ತೇನೆ. ಇನ್ನೊಂದು ಸಂಗತಿಯನ್ನು ಕೇಳಲೇ? ನಮ್ಮ ಕನ್ನಡ ಬಳಗದ ಸಭೆಯೊಂದರಲ್ಲಿ ಹಿರಿಯರೊಬ್ಬರು, ಭೀಮಸೇನರ ದಾಸವಾಣಿಯೂ ಮರಾಠಿ ಸಂತರ ಅಭಂಗಗಳೂ ಜನಪ್ರಿಯತೆಗಾಗಿ ಹಾಡಿದವು, ಅವರ ನಿಜವಾದ ಸಾಧನೆ ಖ್ಯಾಲ ಮಾತ್ರ ಎಂದರು. ನನಗೆ ಅವರ ಸಂಗೀತ ಪರಿಚಯವಾದದ್ದೇ ದಾಸವಾಣಿಯಿಂದ. ಆ ಮಾತು ಮನಸ್ಸಿಗೆ ನಾಟಿತು.

ಉತ್ತರ 4: ಗಿರಗಾಂವಿನಲ್ಲಿ ಬೆಳೆದವಳು, ಈಗ ಚಿಂಚವಡ

ಆ ಮಾತನ್ನು ನಾನು ಒಪ್ಪುವುದಿಲ್ಲ. ಪದ್ಮಶ್ರೀಯಿಂದ ಹಿಡಿದು 2008ರ ಭಾರತರತ್ನದವರೆಗೆ ಅವರಿಗೆ ಬಂದ ಮನ್ನಣೆಗಳೆಲ್ಲ ಮುಖ್ಯವಾಗಿ ಖ್ಯಾಲ ಗಾಯನಕ್ಕೆ ಬಂದವು, ಅದು ಸರಿಯೇ. ಆದರೆ ಅಭಂಗ, ದೇವರನಾಮಗಳನ್ನು ಹಾಡುವಾಗ ಅವರು ತಮ್ಮ ವಿದ್ಯೆಯನ್ನು ಪಕ್ಕಕ್ಕಿಟ್ಟು ಹಾಡಿದವರಲ್ಲ.

ಅಭಂಗದ ಕಟ್ಟು ಬಿಗಿಯಾದದ್ದು; ದೊಡ್ಡ ಅಭಂಗದ ಸಾಲು ಆರು, ಆರು, ಆರು, ನಾಲ್ಕು ಅಕ್ಷರಗಳಿಗೆ ಮುಗಿಯುತ್ತದೆ. ಎಂಟು ಮಾತ್ರೆಯ ಭಜನಿ ಠೇಕಾ ಎಂಬ ತಾಳ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ವಿಠ್ಠಲನ ಹೆಸರೊಂದನ್ನೇ ಒಮ್ಮೆ ಷಡ್ಜದಲ್ಲಿ, ಒಮ್ಮೆ ಪಂಚಮದಲ್ಲಿ, ಒಮ್ಮೆ ತಾರದಲ್ಲಿ ನಿಲ್ಲಿಸಿ, ಪ್ರತಿ ಬಾರಿಯೂ ಅದು ಹೊಸ ಕರೆಯಾಗಿ ಕೇಳುವಂತೆ ಮಾಡಬೇಕಾದರೆ ಕಿರಾಣಾದ ಸ್ವರಸಾಧನೆಯೇ ಬೇಕು. ದಾಸರ ಪದದಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳ ವಿಸ್ತಾರವಿದೆ, ಮಾತು ಹೆಚ್ಚು. ಅಲ್ಲಿ ಅವರು ಮಾತನ್ನು ಮುಂದಿಟ್ಟು ಸ್ವರವನ್ನು ಅದರ ಹಿಂದೆ ನಡೆಸುತ್ತಾರೆ. ಅಭಂಗಕಾರರ ಪಂಢರಪುರದ ವಿಠ್ಠಲನೇ ಪುರಂದರದಾಸರ ಅಂಕಿತದಲ್ಲೂ ಇದ್ದಾನೆ. ಎರಡೂ ಭಾಷೆಗಳಲ್ಲಿ ಅವನನ್ನು ಸಮನಾದ ಸಲಿಗೆಯಿಂದ ಕರೆಯಬಲ್ಲ ಕಂಠ ಅವರದಾಗಿತ್ತು. ಹಿಂದಿಯಲ್ಲಿಲ್ಲದ ಳಕಾರ ಕನ್ನಡ, ಮರಾಠಿ ಎರಡರಲ್ಲೂ ಇದೆ. ಅವರು ಅದನ್ನು ಹೇಳುವಾಗ ನಾಲಿಗೆಯನ್ನು ಎಷ್ಟು ಪೂರ್ತಿಯಾಗಿ ಮಡಿಸುತ್ತಾರೆಂದು ಗಮನಿಸಿ ಕೇಳಿ. ಧಾರವಾಡದ ಕಡೆಯ ಬಾಯಿ ಅದು.

ನಾನು ಗಿರಗಾಂವಿನ ಚಾಳಿನಲ್ಲಿ ಬೆಳೆದವಳು. ನಮ್ಮ ಮಹಡಿಯಲ್ಲಿ ಕನ್ನಡದವರು ನಾವೊಬ್ಬರೇ. ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚಿ "ಭಾಗ್ಯದ ಲಕ್ಷ್ಮೀ ಬಾರಮ್ಮ"ದ ಕ್ಯಾಸೆಟ್ ಹಾಕುತ್ತಿದ್ದಳು. ಟೇಪ್ ಎಳೆದುಕೊಂಡು ನಿಂತರೆ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ನನ್ನದು. ಪಕ್ಕದ ಮನೆಯ ಮರಾಠಿ ಆಜಿ ಗ್ಯಾಲರಿಯಲ್ಲಿ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದರು. ಕನ್ನಡದ ಒಂದು ಪದವೂ ಅವರಿಗೆ ಬರುತ್ತಿರಲಿಲ್ಲ. ಲಕ್ಷ್ಮಿ ಗೆಜ್ಜೆಯ ಕಾಲಿನಲ್ಲಿ ಹೆಜ್ಜೆಯಿಡುತ್ತಾ ಬರುವ ಚರಣ ಬಂದಾಗ ಅವರ ಕೈ ಸೊಪ್ಪಿನ ಮೇಲೆ ತಾಳ ಹಾಕುತ್ತಿತ್ತು. ಒಂದು ಶುಕ್ರವಾರ ಟೇಪ್ ಪೂರ್ತಿ ಕೆಟ್ಟು ಹಾಡು ಕೇಳಿಸಲಿಲ್ಲ. ಆಜಿ ನಮ್ಮ ಬಾಗಿಲಿಗೆ ಬಂದು, ಇವತ್ತು ಅಣ್ಣಾ ಏಕೆ ಹಾಡಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲಿಯವರು ಭೀಮಸೇನರನ್ನು ಹಾಗೆಯೇ ಕರೆಯುತ್ತಿದ್ದುದು. ಅಮ್ಮ ಅಂದು ಆಜಿಯನ್ನು ಒಳಗೆ ಕೂರಿಸಿ ತಾನೇ ಹಾಡಿದಳು, ಅವರ ಧಾಟಿಯಲ್ಲೇ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಭಾನುವಾರ ಫೋನಿನಲ್ಲಿದ್ದ ಜನವರಿಯ ಯಮನ್ ಹಾಕಿದೆ. ಎರಡು ನಿಮಿಷವೂ ಆಗಿರಲಿಲ್ಲ, ಮಗಳು ತಡೆದು, "ಅಪ್ಪಾ, ನಿಷಾದ ಕೆಳಗಿದೆ, ಸಾಕು" ಎಂದಳು. ನನಗೆ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು. ಮಧ್ಯಾಹ್ನ ಊಟವಾದ ಮೇಲೆ ಭೀಮಸೇನರ ತೋಡಿಯನ್ನೂ ಮುಲ್ತಾನಿಯನ್ನೂ ಒಂದರ ಹಿಂದೊಂದು ಕೇಳಿಸಿದೆ. ಸ್ವರಗಳು ಒಂದೇ ಎಂದು ಮೊದಲೇ ಹೇಳಲಿಲ್ಲ. ಮುಲ್ತಾನಿಯ ಆಲಾಪ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಹಾರ್ಮೋನಿಯಂ ಎಳೆದುಕೊಂಡು ಮನೆಗಳನ್ನು ಒತ್ತಿ ನೋಡುತ್ತಿದ್ದಳು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಈ ಡಿಸೆಂಬರಿನಲ್ಲಿ ಅವಳನ್ನು ಪುಣೆಯ ಉತ್ಸವಕ್ಕೆ ಕರೆತರುತ್ತೇನೆ. ಕೊನೆಯ ದಿನದ ಆ ಭೈರವಿ ಮುಗಿಯುವವರೆಗೂ ಕೂತಿರುತ್ತೇವೆ.